ಕುದುರೆಗೆ ಫಿಸಿಯೋ ಮಾಡೋರನ್ನ ಆರಿಸ್ಕೊಳ್ಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕುದುರೆ ಇಟ್ಕೊಂಡಿರೋರು ಸಿಕ್ಕಾಗೆಲ್ಲ ನನ್ನ ಹತ್ರ ಕೇಳೋದು ಇದನ್ನೇ, ಬೆನ್ನು ಬಿಗಿಯಾಗಿದೆ, ಎಡಗಡೆ ತಿರುಗೋಕೆ ಒಪ್ತಿಲ್ಲ, ಯಾರನ್ನ ಕರೆಸಲಿ, ಯಾರ ಕೈಗುಣ ಚೆನ್ನಾಗಿದೆ ಅಂತ. ಒಂದು ಹೆಸರು ಹೇಳಿ ಕಳಿಸಿಬಿಡಬಹುದು, ಆದ್ರೆ ನನಗೆ ಸರಿಹೋದೋರು ನಿಮ್ಮ ಕುದುರೆಗೂ ಸರಿಹೋಗ್ತಾರೆ ಅಂತ ಏನಿಲ್ಲ, ಅದಕ್ಕೇ ಹೇಗೆ ನೋಡಿ ಆರಿಸ್ಕೋಬೇಕು ಅನ್ನೋದನ್ನೇ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ವರ್ಷಗಟ್ಟಲೆ ಕುದುರೆ ಸಾಕಿ, ಒಂದು ಸಲ ತಪ್ಪು ಆಯ್ಕೆ ಮಾಡಿ ನಮ್ಮ ಕುದುರೆ ತಾರಾಗೆ ಮೂರು ತಿಂಗಳು ನೋವು ತಿನ್ನಿಸಿದೋಳು. ಅದನ್ನೂ ಕೆಳಗೆ ಬರೆದಿದೀನಿ.

ಫಿಸಿಯೋ ಅಂದ್ರೆ ಮಸಾಜ್ ಮಾಡೋದೇ ಅಲ್ವಾ?

ಮಸಾಜ್ ಅದರಲ್ಲಿ ಒಂದು ಭಾಗ ಅಷ್ಟೇ. ಒಳ್ಳೆ ಫಿಸಿಯೋ ಮೊದಲು ಕುದುರೆ ನಡೆಯೋದನ್ನ ನೋಡ್ತಾರೆ, ಎಲ್ಲಿ ಸ್ನಾಯು ಕರಗಿದೆ, ಎಲ್ಲಿ ಜಾಸ್ತಿ ಬೆಳೆದಿದೆ, ಯಾವ ಕೀಲು ಪೂರ್ತಿ ಮಡಚ್ತಿಲ್ಲ ಅಂತ ಕೈಯಾಡಿಸಿ ಕಂಡ್ಕೋತಾರೆ, ಆಮೇಲೆ ಕೈಯಿಂದ ಮಾಡೋ ಚಿಕಿತ್ಸೆ, ಸ್ಟ್ರೆಚಿಂಗು, ನೆಲದ ಮೇಲೆ ಕೋಲುಗಳನ್ನ ಇಟ್ಟು ದಾಟಿಸೋ ವ್ಯಾಯಾಮ, ಬೇಕಿದ್ರೆ ಮಷೀನು, ಇಷ್ಟೂ ಸೇರಿಸಿ ಒಂದು ಪ್ಲಾನ್ ಮಾಡಿ ಕೊಡ್ತಾರೆ. ನನ್ನ ಪ್ರಕಾರ ಅವರು ಇರೋ ಒಂದು ಗಂಟೆಗಿಂತ ಅವರು ಹೋದ ಮೇಲೆ ನಾವು ಮಾಡೋ ವ್ಯಾಯಾಮವೇ ಹೆಚ್ಚು ಕೆಲಸ ಮಾಡತ್ತೆ. ಬರೀ ಮಸಾಜ್ ಮಾಡೋರು ಬೇರೆ ಇದಾರೆ, ಅದೂ ಒಳ್ಳೇದೇ, ಗಟ್ಟಿಮುಟ್ಟಾಗಿರೋ ಕುದುರೆ ದುಡಿದು ಬಂದಾಗ ಮೈ ಹಗುರಾಗತ್ತೆ. ಕೈರೋಪ್ರಾಕ್ಟರ್, ಆಸ್ಟಿಯೋಪಾತ್ ಅಂತಾನೂ ಇರ್ತಾರೆ, ಬೆನ್ನೆಲುಬು, ಕೀಲುಗಳ ಮೇಲೆ ಕೈಯಿಂದ ಚಿಕಿತ್ಸೆ ಮಾಡೋರು, ಅವರ ದಾರಿ ಬೇರೆ, ಓದೋದೂ ಬೇರೆ. ಹಾಗಾಗಿ ಕರೆಸೋ ಮುಂಚೆ ನೀವು ಇವರಲ್ಲಿ ಯಾರು ಅಂತ ನೇರವಾಗೇ ಕೇಳಿ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.

ಮೊದಲು ವೆಟ್‌ನ (ಪಶುವೈದ್ಯರನ್ನ) ಕರೀಬೇಕಾ, ಫಿಸಿಯೋನ ಕರೀಬೇಕಾ?

ವೆಟ್‌ನ. ಇದರಲ್ಲಿ ನನಗೆ ಎರಡು ಮಾತಿಲ್ಲ, ಯಾಕೆ ಅಂತ ಹೇಳ್ತೀನಿ ಕೇಳಿ.

ತಾರಾ ಮೇಲೆ ಸವಾರಿ ಮಾಡ್ತಿರುವಾಗ ಜೀನು ಮೆಲ್ಲಗೆ ಬಲಗಡೆಗೆ ಜಾರೋಕೆ ಶುರುವಾಯ್ತು. ಹೊಟ್ಟೆ ಪಟ್ಟಿ ಬಿಗಿ ಮಾಡಿದೆ, ಕೆಳಗೆ ಇನ್ನೊಂದು ಪ್ಯಾಡ್ ಹಾಕಿದೆ, ನಾನೇ ಸೊಟ್ಟಗೆ ಕೂತ್ಕೋತಿದೀನೇನೋ ಅಂತ ಬೇರೆಯವರನ್ನ ಹತ್ತಿಸಿ ನೋಡಿದೆ, ಊಹೂಂ, ಹತ್ತು ನಿಮಿಷಕ್ಕೆ ಮತ್ತೆ ಬಲಕ್ಕೇ. ಆಗ ಯಾರೋ ಹೇಳಿದ್ರು ಅಂತ ಒಬ್ಬ ಥೆರಪಿಸ್ಟ್‌ನ ಕರೆಸಿದೆ. ಅವರು ಬಂದು ಕುದುರೆನ ಲಾಯದಿಂದ ಆಚೆಗೂ ತರಿಸ್ಲಿಲ್ಲ, ಒಂದು ಹೆಜ್ಜೆ ನಡೆಸಿ ನೋಡ್ಲಿಲ್ಲ, ಬೆನ್ನಿನ ಮೇಲೆ ಕೈ ಇಟ್ಟು ಇಲ್ಲಿ ಬಿಗಿ ಇದೆ ಅಂದ್ರು, ಬಿಗಿ ಇದ್ದಿದ್ದು ನಿಜಾನೇ, ಮೊಣಕೈಯಿಂದ ಒತ್ತಿ ಒತ್ತಿ ಬಿಡಿಸಿದ್ರು. ಎರಡು ದಿನ ಚೆನ್ನಾಗಿದ್ದ ಹಾಗೆ ಕಾಣ್ತು, ಮೂರನೇ ದಿನ ಮತ್ತೆ ಅದೇ ಕಥೆ. ವಾರವಾರ ಬಂದ್ರು, ಮೂರು ತಿಂಗಳು. ಕೊನೆಗೆ ವೆಟ್ ಬಂದು ಹಿಂಗಾಲಿಗೆ ನರ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹತ್ತಿ ನೋಡಿ ಅಂದ್ರು, ಹತ್ತಿದೆ, ಜೀನು ಒಂದಿಂಚೂ ಜಾರ್ಲಿಲ್ಲ. ನೋವು ಇದ್ದಿದ್ದು ಹಿಂಗಾಲಿನ ಸಸ್ಪೆನ್ಸರಿ ಲಿಗಮೆಂಟ್‌ನಲ್ಲಿ, ಅಂದ್ರೆ ಗೊರಸಿನ ಮೇಲಿನ ಕೀಲನ್ನ ಎತ್ತಿ ಹಿಡಿಯೋ ಗಟ್ಟಿ ನಾರಿನಲ್ಲಿ. ಆ ಕಾಲನ್ನ ಉಳಿಸ್ಕೊಳ್ಳೋಕೆ ಹೋಗಿ ಬೆನ್ನನ್ನ ಬಿಗಿ ಹಿಡೀತಿತ್ತು ಪಾಪ.

ಹಿಂಗಾಲು ಕುಂಟಿದ್ರೆ ಜೀನು ಯಾವಾಗ್ಲೂ ಒಂದೇ ಕಡೆ ಜಾರಬಹುದು ಅನ್ನೋದು ಸಂಶೋಧನೆಗಳಲ್ಲೂ ಬಂದಿದೆ ಅಂತ ಆಮೇಲೆ ಗೊತ್ತಾಯ್ತು. ಫಿಸಿಯೋಗೆ ಎಕ್ಸ್‌ರೇ ಕಣ್ಣಿಲ್ಲ. ನೋವು ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡೋಕೆ ನರ್ವ್ ಬ್ಲಾಕ್ (ಆ ನರ ಮರಗಟ್ಟಿಸೋ ಇಂಜೆಕ್ಷನ್), ಎಕ್ಸ್‌ರೇ, ಸ್ಕ್ಯಾನ್ ಬೇಕಾಗತ್ತೆ, ಅದು ವೆಟ್ ಕೆಲಸ. ಕಾಯಿಲೆಗೆ ಹೆಸರು ಸಿಕ್ಕಿದ ಮೇಲೆ ಫಿಸಿಯೋ ಕೆಲಸ ಶುರುವಾಗತ್ತೆ, ಆಮೇಲಿನ ತಿಂಗಳುಗಳಲ್ಲಿ ಅವರ ಕೈಯೇ ದೊಡ್ಡದು.

ಹಾಗಾದ್ರೆ ಒಳ್ಳೆ ಫಿಸಿಯೋನ ಗುರುತಿಸೋದು ಹೇಗೆ? ಒಂದೇ ಮಾತಲ್ಲಿ ಹೇಳಿ.

ಫೋನ್ ಮಾಡಿದ ಕೂಡ್ಲೇ "ವೆಟ್ ನೋಡಿದಾರಾ, ಏನಂದ್ರು?" ಅಂತ ಅವರಾಗೇ ಕೇಳಬೇಕು. ಕುದುರೆ ಮುಟ್ಟೋ ಮುಂಚೆ ತಮ್ಮ ಕೆಲಸದ ಗಡಿ ಎಲ್ಲಿಗೆ ಮುಗಿಯತ್ತೆ ಅಂತ ಗೊತ್ತಿರೋರನ್ನ ಹುಡುಕಿ.

ಸರ್ಟಿಫಿಕೇಟ್ ಇದ್ರೆ ಸಾಕಾ?

ಸಾಕಾಗಲ್ಲ, ಆದ್ರೆ ಇಲ್ದೇ ಇದ್ರೆ ಖಂಡಿತ ಬೇಡ. ಇಲ್ಲಿ ಒಂದು ಗೊಂದಲ ಇದೆ, ಅದನ್ನ ಬಿಡಿಸಿ ಹೇಳ್ತೀನಿ. ಎಷ್ಟೋ ದೇಶಗಳಲ್ಲಿ ಮನುಷ್ಯರ ಫಿಸಿಯೋಥೆರಪಿಸ್ಟ್ ಅಂತ ಬೋರ್ಡ್ ಹಾಕ್ಬೇಕು ಅಂದ್ರೆ ರಿಜಿಸ್ಟ್ರೇಷನ್ ಇರಲೇಬೇಕು, ಆದ್ರೆ ಪ್ರಾಣಿಗಳ ಫಿಸಿಯೋ ಅಂತ ಹಾಕ್ಕೊಳ್ಳೋಕೆ ಅಷ್ಟು ಬಿಗಿ ಇಲ್ಲ. ಬ್ರಿಟನ್ನನ್ನೇ ತಗೊಳ್ಳಿ, ಅಲ್ಲಿ 1966ರ ವೆಟರ್ನರಿ ಸರ್ಜನ್ಸ್ ಕಾಯ್ದೆ ಪ್ರಾಣಿಗಳ ಚಿಕಿತ್ಸೆಯನ್ನ ವೆಟ್‌ಗಳ ಕೈಗೆ ಕೊಟ್ಟಿದೆ, 2015ರ ಒಂದು ಆದೇಶದ ಪ್ರಕಾರ ವೆಟ್ ಹೇಳಿದ ಮೇಲೆ ಬೇರೆಯವರು ಫಿಸಿಯೋಥೆರಪಿ ಮಾಡಬಹುದು, ಆದ್ರೂ ವೆಟರ್ನರಿ ಫಿಸಿಯೋಥೆರಪಿಸ್ಟ್ ಅನ್ನೋ ಹೆಸರಿಗೆ ಅಲ್ಲಿ ಕಾನೂನಿನ ರಕ್ಷಣೆ ಇಲ್ಲ, ಯಾರು ಬೇಕಾದ್ರೂ ಹಾಕ್ಕೋಬಹುದು. ಅದಕ್ಕೇ ಅಲ್ಲಿನ ಜನ ಆಕ್‌ಪ್ಯಾಟ್, ರ್‍ಯಾಂಪ್ ಅನ್ನೋ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರಿದೆಯಾ ಅಂತ ನೋಡ್ತಾರೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅಲ್ಲಿ ಕುದುರೆಗಳ ರಿಹ್ಯಾಬ್‌ಗೆ (ಪೆಟ್ಟಾದ ಮೇಲೆ ಚೇತರಿಸೋ ಚಿಕಿತ್ಸೆಗೆ) ಅಂತಾನೇ ಟೆನೆಸ್ಸೀ ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಕೋರ್ಸ್ ಇದೆ, ವೆಟ್‌ಗಳಲ್ಲೇ ಸ್ಪೋರ್ಟ್ಸ್ ಮೆಡಿಸಿನ್ ಮತ್ತೆ ರಿಹ್ಯಾಬ್‌ನಲ್ಲಿ ಸ್ಪೆಷಲಿಸ್ಟ್ ಆಗಿರೋರೂ ಇದಾರೆ.

ನೀವು ಎಲ್ಲೇ ಇರಿ, ಕೇಳಬೇಕಾದ್ದು ಇಷ್ಟು. ಕೋರ್ಸ್ ಎಷ್ಟು ದಿನದ್ದು, ಎರಡು ದಿನದ ವರ್ಕ್‌ಶಾಪಾ, ಎರಡು ವರ್ಷದ ಓದಾ? ಅದರಲ್ಲಿ ಕುದುರೆ ಮೇಲೆ ಕೈಯಿಟ್ಟು ಕಲಿತಿದ್ದು ಎಷ್ಟು ಗಂಟೆ? ಪರೀಕ್ಷೆ ಇತ್ತಾ? ಯಾವ ಸಂಸ್ಥೆಯ ಸದಸ್ಯರು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ದೂರು ಕೊಡೋಕೆ ಅಲ್ಲಿ ಜಾಗ ಇದೆಯಾ? ಇನ್ಶೂರೆನ್ಸ್ ಇದೆಯಾ? ಫ್ರೇಮ್ ಹಾಕಿದ ಸರ್ಟಿಫಿಕೇಟ್ ಗೋಡೆ ತುಂಬ ಇರೋರನ್ನೂ ನೋಡಿದೀನಿ, ಎಲ್ಲಾ ವಾರಾಂತ್ಯದ ಕೋರ್ಸುಗಳೇ.

ಮನುಷ್ಯರ ಫಿಸಿಯೋ ಒಬ್ಬರು ನಮಗೆ ಪರಿಚಯ, ಕುದುರೆಗೂ ಮಾಡ್ಕೊಡ್ತೀನಿ ಅಂತಾರೆ. ಮಾಡಿಸಬಹುದಾ?

ಪ್ರಾಣಿಗಳಿಗೆ ಅಂತ ಬೇರೆ ಓದಿದ್ರೆ ಸಂತೋಷವಾಗಿ ಮಾಡಿಸಿ, ಅಂಥವರು ಬಹಳ ಚೆನ್ನಾಗಿ ಮಾಡ್ತಾರೆ, ನೋವು, ಗಾಯ ವಾಸಿ ಆಗೋದು ಇದೆಲ್ಲ ಅವರಿಗೆ ಆಳವಾಗಿ ಗೊತ್ತಿರತ್ತೆ. ಓದಿಲ್ಲ ಅಂದ್ರೆ ಬೇಡ. ಕುದುರೆ ಮೈ ಕಟ್ಟೇ ಬೇರೆ. ನಮಗೆ ತೋಳನ್ನ ಎದೆಗೂಡಿಗೆ ಸೇರಿಸೋ ಕಾಲರ್ ಬೋನ್ ಇದೆ, ಕುದುರೆಗೆ ಅದು ಇಲ್ವೇ ಇಲ್ಲ, ಇಡೀ ಎದೆಭಾಗ ಎರಡು ಮುಂಗಾಲುಗಳ ಮಧ್ಯೆ ಸ್ನಾಯುಗಳಲ್ಲೇ ತೊಟ್ಟಿಲು ಥರ ನೇತಾಡ್ತಿರತ್ತೆ. ಸುಮ್ನೆ ನಿಂತಾಗ್ಲೂ ಮೈಭಾರದಲ್ಲಿ ಹತ್ತಿರ ಹತ್ತಿರ 60 ಪರ್ಸೆಂಟ್ ಮುಂಗಾಲುಗಳ ಮೇಲೇ. ಎದೆಭಾಗದಲ್ಲಿ ಸಾಮಾನ್ಯವಾಗಿ 18 ಬೆನ್ನೆಲುಬು, ನಮಗೆ 12. ಮುಂಗಾಲಲ್ಲಿ ನಾವು ಮಂಡಿ ಅಂತ ಕರೆಯೋದು ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮ, ಅದರಿಂದ ಕೆಳಗೆ ದುಡಿಯೋ ಸ್ನಾಯು ಇಲ್ಲ ಅಂತಾನೇ ಅನ್ನಬಹುದು, ಬರೀ ಟೆಂಡನ್ (ಸ್ನಾಯುವನ್ನ ಮೂಳೆಗೆ ಸೇರಿಸೋ ನಾರು), ಲಿಗಮೆಂಟ್ (ಮೂಳೆಗೆ ಮೂಳೆ ಸೇರಿಸೋ ನಾರು), ಮೂಳೆ, ಅದಕ್ಕೇ ಅಲ್ಲಿ ಪೆಟ್ಟಾದ್ರೆ ವಾಸಿಯಾಗೋದು ಅಷ್ಟು ನಿಧಾನ. ಇದು ಗೊತ್ತಿಲ್ಲದ ಕೈ ಎಷ್ಟೇ ಪ್ರೀತಿಯಿಂದ ಒತ್ತಿದ್ರೂ ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಲ್ಲ. ಜೊತೆಗೆ ಐನೂರು ಕೆಜಿ ತೂಗೋ, ಹೆದರಿದ್ರೆ ಒದೆಯೋ ಪ್ರಾಣಿ ಹತ್ರ ಹೇಗೆ ನಿಲ್ಲಬೇಕು ಅಂತಾನೂ ಗೊತ್ತಿರಬೇಕಲ್ಲ.

ಫಿಸಿಯೋ ಕೈಗೆ ಕೊಡಲೇಬಾರದ ಸಂದರ್ಭಗಳು ಯಾವುವು?

ಕೆಲವು ಇವೆ, ದಯವಿಟ್ಟು ನೆನಪಿಟ್ಕೊಳ್ಳಿ. ಕೆಲಸ ಮಾಡಿ ಬಂದ ಮೇಲೆ, ಅಥವಾ ಮಧ್ಯದಲ್ಲೇ, ಹಿಂಭಾಗದ ಸ್ನಾಯುಗಳು ಕಲ್ಲಾಗಿ, ಬೆವರು ಸುರೀತಾ, ಹೆಜ್ಜೆ ಎತ್ತೋಕೆ ಒಪ್ಪದೆ ನಿಂತ್ರೆ ಅದು ಟೈಯಿಂಗ್ ಅಪ್ ಅನ್ನೋ ಸ್ನಾಯು ಕಾಯಿಲೆ ಇರಬಹುದು, ಮೂತ್ರ ಕಾಫಿ ಬಣ್ಣಕ್ಕೆ ಬಂದ್ರಂತೂ ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗ್ತಿದೆ ಅಂತ ಅರ್ಥ. ಉಜ್ಜೋಕೂ ಹೋಗಬೇಡಿ, ನಡೆಸೋಕೂ ಹೋಗಬೇಡಿ, ನಿಂತಲ್ಲೇ ಇರಲಿ, ವೆಟ್‌ಗೆ ಫೋನ್ ಮಾಡಿ. ಗೊರಸು ಬಿಸಿಯಾಗಿ, ಗೊರಸಿನ ಮೇಲ್ಗಡೆ ನಾಡಿ ಜೋರಾಗಿ ಹೊಡ್ಕೊಳ್ತಾ, ಭಾರ ಎಲ್ಲ ಹಿಂದಕ್ಕೆ ಹಾಕಿ ನಿಂತಿದ್ರೆ ಲ್ಯಾಮಿನೈಟಿಸ್ (ಗೊರಸಿನ ಒಳಗಿನ ಉರಿಯೂತ), ಅದೂ ಎಮರ್ಜೆನ್ಸಿ. ಜ್ವರ, ಅಂದ್ರೆ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಬೇಡ. ಕಾಲು ಇದ್ದಕ್ಕಿದ್ದ ಹಾಗೆ ಊದ್ಕೊಂಡಿದ್ರೆ ಬೇಡ. ನಡೆಯುವಾಗ ಕುಡಿದೋರ ಥರ ತೂರಾಡ್ತಿದ್ರೆ ಅದು ನರದ ಸಮಸ್ಯೆ ಇರಬಹುದು, ಕತ್ತನ್ನ ಯಾರೂ ಮುಟ್ಟೋದೇ ಬೇಡ.

ಇನ್ನೊಂದು, ಜೀನಿನ ಹೊಟ್ಟೆ ಪಟ್ಟಿ ಕಟ್ಟುವಾಗ ಕಚ್ಚೋಕೆ ಬರತ್ತೆ, ಹೊಟ್ಟೆ ಮುಟ್ಟಿದ್ರೆ ಕಿವಿ ಹಿಂದಕ್ಕೆ ಮಾಡತ್ತೆ ಅಂದ್ರೆ ಎಲ್ಲರೂ ಬೆನ್ನು ನೋವು ಅಂತಾರೆ, ಹೊಟ್ಟೇಲಿ ಅಲ್ಸರ್ ಆಗಿದ್ರೂ ಹಾಗೇ ಮಾಡತ್ತೆ. ಅಲ್ಸರ್‌ಗೆ ಮಸಾಜ್ ಮಾಡಿ ಏನು ಪ್ರಯೋಜನ?

ಮೊದಲ ಸಲ ಬಂದಾಗ ಅವರು ಏನೇನು ಮಾಡಬೇಕು?

ಈಗ ತಾರಾನ ನೋಡ್ತಿರೋರು ಮೊದಲ ದಿನ ಬಂದಿದ್ದು ಹೇಗಿತ್ತು ಅಂತ ಹೇಳ್ತೀನಿ, ಅದೇ ಅಳತೆಗೋಲು ಮಾಡ್ಕೊಳ್ಳಿ. ಬಂದು ಬ್ಯಾಗ್ ಕೆಳಗಿಟ್ಟು ಕೈ ತೊಳ್ಕೊಂಡ್ರು. ಇಪ್ಪತ್ತು ನಿಮಿಷ ಬರೀ ಪ್ರಶ್ನೆ, ವಯಸ್ಸು, ಏನು ಕೆಲಸ, ಯಾವಾಗಿಂದ ಹೀಗೆ, ಹಿಂದೆ ಬಿದ್ದಿತ್ತಾ, ಲಾಳ ಕಟ್ಟಿಸಿ ಎಷ್ಟು ದಿನ ಆಯ್ತು, ಹಲ್ಲು ಯಾವಾಗ ನೋಡಿಸಿದ್ರಿ, ಮಲಗೋದು ಯಾವ ಮಗ್ಗುಲಿಗೆ, ವೆಟ್ ರಿಪೋರ್ಟ್ ತೋರಿಸಿ. ಆಮೇಲೆ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಸುತ್ತ ಒಂದು ಸುತ್ತು ಬಂದ್ರು, ಹಿಂದೆ ದೂರದಲ್ಲಿ ನಿಂತು ಎರಡು ಕಡೆ ಸೊಂಟದ ಎತ್ತರ ನೋಡಿದ್ರು. ನಡೆಸಿದ್ರು, ಟ್ರಾಟ್ ಮಾಡಿಸಿದ್ರು (ಅಂದ್ರೆ ಜಾಗಿಂಗ್ ಥರ ಮೆಲ್ಲಗೆ ಓಡಿಸೋದು), ನೇರಕ್ಕೆ, ಆಮೇಲೆ ಎರಡೂ ಕಡೆ ಸುತ್ತು, ಚಿಕ್ಕ ವೃತ್ತದಲ್ಲಿ ತಿರುಗಿಸಿದ್ರು, ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿದ್ರು.

ಆಮೇಲೆ ಕೈ ಇಟ್ಟಿದ್ದು ನೋಡಬೇಕಿತ್ತು ನೀವು. ಅಂಗೈಯನ್ನ ಮೊದಲು ಹೆಗಲಿನ ಮೇಲಿಟ್ಟು ಸುಮ್ನೆ ನಿಂತ್ರು, ಒತ್ತಲಿಲ್ಲ, ಸವರಲಿಲ್ಲ. ತಾರಾ ಕಿವಿ ಒಂದು ಅವರ ಕಡೆಗೆ ತಿರುಗ್ತು. ನಿಧಾನಕ್ಕೆ ಬೆನ್ನಿನ ಉದ್ದಕ್ಕೂ ಕೈ ಹರಿಸ್ಕೊಂಡು ಬಂದ್ರು, ಜೀನಿನ ಹಿಂಬದಿ ಕೂರೋ ಜಾಗಕ್ಕೆ ಬಂದಾಗ ಚರ್ಮ ನೊಣ ಕೂತ ಹಾಗೆ ಒಂದು ಸಲ ಅದುರ್ತು, ನನಗೆ ಕಾಣಿಸಿರಲೇ ಇಲ್ಲ, ಅವರು ಕೈ ಅಲ್ಲೇ ನಿಲ್ಲಿಸಿ, ಒಂದು ಬೆರಳಗಲ ಹಿಂದಕ್ಕೆ ತಗೊಂಡು, ಮತ್ತೆ ಕಾದ್ರು. ಎರಡು ಮೂರು ನಿಮಿಷ ಆಗಿರಬೇಕು, ತಾರಾ ಕೆಳತುಟಿ ಜೋತುಬಿತ್ತು, ಕಣ್ಣು ಅರ್ಧ ಮುಚ್ಚಿ ಆಕಳಿಸ್ತು, ಆಮೇಲೆ ಹೊಟ್ಟೆಯಿಂದ ಒಂದು ಉದ್ದ ಉಸಿರು ಬಿಡ್ತು. ಮೂರು ತಿಂಗಳು ಮೊಣಕೈಯಿಂದ ಒತ್ತಿಸ್ಕೊಂಡು ನಿಂತಾಗ ಒಂದು ದಿನವೂ ಅದು ಹಾಗೆ ಉಸಿರು ಬಿಟ್ಟಿರಲಿಲ್ಲ. ಅವತ್ತು ನನಗೆ ಅಳು ಬಂತು.

ಕೊನೆಗೆ ಏನು ಕಂಡಿತು, ಏನು ಮಾಡಿದೆ, ನೀವು ಏನು ಮಾಡಬೇಕು ಅಂತ ಬರೆದು ಕೊಟ್ರು, ವೆಟ್‌ಗೂ ಒಂದು ಕಾಪಿ ಕಳಿಸಿದ್ರು. ನೋಡಿ, ಬರೆದು ಕೊಡೋರು ಸಿಕ್ಕಿದ್ರೆ ಬಿಡಬೇಡಿ.

ಕುದುರೆ ಬಾಯಿಬಿಟ್ಟು ಹೇಳಲ್ಲ, ನೋವಾಗ್ತಿದೆ ಅಂತ ಹೇಗೆ ತಿಳ್ಕೊಳ್ಳೋದು?

ಬಾಯಿಲ್ಲದ ಜೀವ ಅಂತೀವಿ, ಆದ್ರೆ ಮುಖದಲ್ಲೆಲ್ಲ ಬರೆದಿರತ್ತೆ. 2014ರಲ್ಲಿ ಪ್ರಕಟವಾದ ಹಾರ್ಸ್ ಗ್ರಿಮೇಸ್ ಸ್ಕೇಲ್ ಅಂತ ಒಂದಿದೆ, ಆರು ಗುರುತು ನೋಡೋದು, ಕಿವಿ ಬಿಗಿಯಾಗಿ ಹಿಂದಕ್ಕೆ ಹೋಗಿದೆಯಾ, ಕಣ್ಣಿನ ಸುತ್ತ ಬಿಗಿದಿದೆಯಾ, ಕಣ್ಣಿನ ಮೇಲ್ಭಾಗ ಮೂಳೆ ಎದ್ದು ಕಾಣ್ತಿದೆಯಾ, ದವಡೆ ಸ್ನಾಯು ಉಬ್ಬಿದೆಯಾ, ಬಾಯಿ ಬಿಗಿ ಹಿಡಿದು ಗಲ್ಲ ಮುಂದೆ ಬಂದಿದೆಯಾ, ಮೂಗಿನ ಹೊಳ್ಳೆ ಸೆಟೆದಿದೆಯಾ ಅಂತ. ಸವಾರಿ ಮಾಡುವಾಗ ನೋಡೋಕೆ ಬೇರೆ ಪಟ್ಟಿ ಇದೆ, ವೆಟ್ ಸ್ಯೂ ಡೈಸನ್ ಮತ್ತವರ ತಂಡ ಮಾಡಿದ್ದು, ಅದರಲ್ಲಿ 24 ನಡವಳಿಕೆಗಳಿವೆ, ಬಾಲ ಮತ್ತೆ ಮತ್ತೆ ಬೀಸೋದು, ಬಾಯಿ ತೆರೆಯೋದು, ತಲೆ ಓರೆ ಮಾಡೋದು ಹೀಗೆ, ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡ್ರೆ ಮೈಯಲ್ಲಿ ಎಲ್ಲೋ ನೋವಿರೋ ಸಾಧ್ಯತೆ ಜಾಸ್ತಿ.

ಥೆರಪಿ ನಡೀತಿರುವಾಗ ನೀವು ಫೋನ್ ನೋಡ್ಕೊಂಡು ನಿಲ್ಲಬೇಡಿ, ಕುದುರೆ ಮುಖ ನೋಡ್ಕೊಂಡು ನಿಲ್ಲಿ. ಸ್ವಲ್ಪ ಸೂಕ್ಷ್ಮ ಇರೋ ಜಾಗದಲ್ಲಿ ಒಂದು ಕ್ಷಣ ಅದುರೋದು ಸಹಜ. ಆದ್ರೆ ಪಕ್ಕಕ್ಕೆ ಸರೀತಾನೇ ಇದ್ರೆ, ಕಣ್ಣಿನ ಬಿಳಿ ಕಾಣಿಸ್ತಿದ್ರೆ, ಹಿಂಗಾಲು ಎತ್ತಿ ಎಚ್ಚರಿಸ್ತಿದ್ರೆ, ಅವರು ಅದಕ್ಕೆ "ನೋವು ಹೊರಗೆ ಹೋಗ್ತಿದೆ, ಹಾಗೇ ಆಗೋದು" ಅಂತ ಒತ್ತಾನೇ ಇದ್ರೆ, ನಿಲ್ಲಿಸಿ ಅಂತ ಹೇಳಿ. ಸಂಕೋಚ ಪಡಬೇಡಿ. ನಾನು ಸಂಕೋಚ ಪಟ್ಟು ಸುಮ್ನಿದ್ದೆ, ಅದು ಇವತ್ತಿಗೂ ಚುಚ್ಚತ್ತೆ.

"ಸೊಂಟದ ಮೂಳೆ ಜಾರಿದೆ, ಕೂರಿಸ್ತೀನಿ" ಅಂತ ಒಬ್ಬರು ಹೇಳಿದ್ರು, ನಿಜಾನಾ?

ಸೊಂಟ ಮತ್ತೆ ಬೆನ್ನೆಲುಬು ಸೇರೋ ಸ್ಯಾಕ್ರೋಇಲಿಯಾಕ್ ಕೀಲು ಕುದುರೆ ಮೈಯಲ್ಲಿ ಅತಿ ಗಟ್ಟಿ ಲಿಗಮೆಂಟ್‌ಗಳಿಂದ ಬಿಗಿದಿರೋ ಜಾಗ, ಹಿಂಗಾಲುಗಳ ತಳ್ಳೋ ಶಕ್ತಿ ಎಲ್ಲ ಬೆನ್ನಿಗೆ ದಾಟೋದು ಅದರ ಮೂಲಕವೇ, ಅದು ಅಲ್ಲಾಡೋದೇ ತೀರಾ ಚೂರು. ಹಾಗೊಂದು ವೇಳೆ ನಿಜವಾಗ್ಲೂ ಅಲ್ಲಿ ಮೂಳೆ ಜಾಗ ಬಿಟ್ಟಿದ್ರೆ ಕುದುರೆ ಎದ್ದು ಓಡಾಡೋ ಸ್ಥಿತೀಲಿ ಇರಲ್ಲ, ಕೈಯಿಂದ ತಳ್ಳಿ ಕೂರಿಸೋ ವಿಷಯವೂ ಅಲ್ಲ. ಸೊಂಟ ಒಂದು ಕಡೆ ತಗ್ಗಾಗಿ ಕಾಣೋದು ಬಹಳ ಸಲ ಆ ಕಡೆ ಸ್ನಾಯು ಕರಗಿರೋದ್ರಿಂದ, ಅಥವಾ ಹಳೇ ಪೆಟ್ಟಿನಿಂದ, ಅಥವಾ ಕುದುರೆ ಸರಿಯಾಗಿ ನಿಲ್ಲದೇ ಇದ್ದಿದ್ರಿಂದ.

ಕೈಯಿಂದ ಕೊಡೋ ಚಿಕಿತ್ಸೆಯಿಂದ ಬಿಗಿ ಸಡಿಲ ಆಗತ್ತೆ, ನೋವು ಕಮ್ಮಿ ಆಗತ್ತೆ, ಕೀಲು ಸಲೀಸಾಗಿ ಆಡತ್ತೆ, ಇದನ್ನ ನಾನೂ ಕಣ್ಣಾರೆ ಕಂಡಿದೀನಿ. ಆದ್ರೆ ಮೂಳೆ ಜಾರಿದೆ, ನಾನು ಕೂರಿಸ್ದೆ, ಮುಂದಿನ ತಿಂಗಳು ಮತ್ತೆ ಜಾರತ್ತೆ ಆಗ ಮತ್ತೆ ಕರೀರಿ ಅನ್ನೋರ ಹತ್ರ ನಮ್ಮ ಕುದುರೆನ ಬಿಡೋಕೆ ನನಗೆ ಧೈರ್ಯ ಇಲ್ಲ.

ಲೇಸರ್, ಶಾಕ್‌ವೇವ್, ನೀರಿನ ಟ್ರೆಡ್‌ಮಿಲ್ ಎಲ್ಲ ಇಟ್ಟಿರೋರೇ ಒಳ್ಳೆಯವರಾ?

ಮಷೀನ್ ಎಷ್ಟಿದೆ ಅಂತ ನೋಡಬೇಡಿ, ಇದು ನಮ್ಮ ಕುದುರೆಗೆ ಯಾಕೆ ಅಂತ ಕೇಳಿ, ಅವರು ಸರಳವಾಗಿ ವಿವರಿಸೋಕೆ ಆಗಬೇಕು. ನೀರಿನ ಟ್ರೆಡ್‌ಮಿಲ್ ಅದ್ಭುತವಾದ್ದು, ನೀರು ಮೈಭಾರನ ಎತ್ತಿ ಹಿಡಿಯತ್ತೆ, ಸೊಂಟದ ಮೂಳೆ ಮಟ್ಟಕ್ಕೆ ನೀರಿದ್ರೆ ಕಾಲಿನ ಮೇಲೆ ಬೀಳೋ ಭಾರದಲ್ಲಿ ಮುಕ್ಕಾಲು ಪಾಲು ಇಳಿಯತ್ತೆ. ಆದ್ರೆ ನೀರಲ್ಲಿ ಕಾಲೆತ್ತಿ ನಡೆಯೋದು ಕಷ್ಟದ ಕೆಲಸ ಕೂಡ, ನೀರಿನ ಮಟ್ಟ, ವೇಗ, ಎಷ್ಟು ನಿಮಿಷ ಇದೆಲ್ಲ ತಿಳಿದೋರು ಹಾಕ್ಬೇಕು, ವಾಸಿಯಾಗದ ಗಾಯ ಇದ್ರೆ ಇಳಿಸಲೇಬಾರದು. ಶಾಕ್‌ವೇವ್, ಅಂದ್ರೆ ಜೋರಾದ ಒತ್ತಡದ ಅಲೆ ಹಾಯಿಸೋದು, ಇದನ್ನ ಟೆಂಡನ್ ಲಿಗಮೆಂಟ್ ಸಮಸ್ಯೆಗಳಿಗೆ ವೆಟ್‌ಗಳೇ ಬಳಸ್ತಾರೆ, ಮಾಡಿದ ಮೇಲೆ ಕೆಲವು ದಿನ ಆ ಜಾಗದಲ್ಲಿ ನೋವು ಗೊತ್ತಾಗಲ್ಲ, ಕುದುರೆ ವಾಸಿಯಾದ ಹಾಗೆ ಓಡಿ ಪೆಟ್ಟು ದೊಡ್ಡದು ಮಾಡ್ಕೊಳ್ಳೋ ಅಪಾಯ ಅಲ್ಲೇ ಇರೋದು, ಅದಕ್ಕೇ ರೇಸ್ ಮತ್ತೆ ಸ್ಪರ್ಧೆ ನಡೆಸೋ ಸಂಸ್ಥೆಗಳು ಅದಕ್ಕೆ ದಿನಗಳ ಗಡುವು ಇಟ್ಟಿವೆ. ಸ್ಪರ್ಧೆಗೆ ಹೋಗೋರು ಯಾವ ಥೆರಪಿಗೂ ಮುಂಚೆ, ಹಚ್ಚೋ ಜೆಲ್ ಎಣ್ಣೆಗೂ ಮುಂಚೆ, ನಿಮ್ಮ ಸಂಸ್ಥೆ ನಿಯಮ ಓದ್ಕೊಳ್ಳಿ. ಚರ್ಮದ ಮೇಲೆ ಹಚ್ಚಿದ್ದೂ ರಕ್ತ ಪರೀಕ್ಷೇಲಿ ಬರತ್ತೆ.

ಐಸ್ ಮಾತ್ರ ಯಾವ ಮಷೀನಿಗೂ ಕಮ್ಮಿ ಇಲ್ಲ. ಹೊಸ ಪೆಟ್ಟಿಗೆ ಮೊದಲ ಎರಡು ದಿನ 15ರಿಂದ 20 ನಿಮಿಷ ತಣ್ಣಗೆ ಮಾಡೋದು, ಮಧ್ಯೆ ಬಿಡುವು ಕೊಡೋದು. ಆಗ ಬಿಸಿ ಶಾಖ, ಮಾಲೀಸು ಎರಡೂ ಬೇಡ.

ಎಷ್ಟು ಸಲ ಬರಬೇಕಾಗತ್ತೆ? ಎಷ್ಟು ದಿನಕ್ಕೆ ಗುಣ ಆಗತ್ತೆ?

ಸುಮ್ನೆ ಸ್ನಾಯು ಬಿಗಿತಕ್ಕೆ ಎರಡು ಮೂರು ಸಲದಲ್ಲೇ ಬದಲಾವಣೆ ಕಾಣಬೇಕು. ಕಾಣ್ಲಿಲ್ಲ ಅಂದ್ರೆ ಒಳ್ಳೆ ಫಿಸಿಯೋ ತಾನಾಗೇ ಕೈ ತೆಗೆದು ವೆಟ್‌ನ ಮತ್ತೆ ಕರೆಸಿ ಅಂತಾರೆ, ಇದನ್ನ ಗಮನಿಸಿ. ಟೆಂಡನ್ ಹರಿದಿದ್ರೆ ಲೆಕ್ಕ ಬೇರೆ, 9ರಿಂದ 12 ತಿಂಗಳು ಹಿಡಿಯೋದು ಸಾಮಾನ್ಯ. ಮೊದಲು ಲಾಯದಲ್ಲಿ ವಿಶ್ರಾಂತಿ, ಆಮೇಲೆ ಕೈಯಲ್ಲಿ ಹಿಡಿದು ಐದೈದು ನಿಮಿಷ ನಡೆಸೋದು, ವಾರವಾರ ಸ್ವಲ್ಪ ಸ್ವಲ್ಪ ಜಾಸ್ತಿ, ಟ್ರಾಟ್ ಶುರು ಮಾಡೋ ಮುಂಚೆ ಅಲ್ಟ್ರಾಸೌಂಡ್ ಸ್ಕ್ಯಾನ್, ಹೀಗೆ. ಕಷ್ಟ ಏನಂದ್ರೆ ಕುಂಟೋದು ಬೇಗ ನಿಂತು ಹೋಗತ್ತೆ, ಒಳಗಿನ ನಾರು ಇನ್ನೂ ಹಸಿ ಇರತ್ತೆ. ನೋಡೋಕೆ ಚೆನ್ನಾಗಿದೆ ಅಂತ ಬಿಟ್ಟು ಓಡಿಸಿದ್ರೆ ಅದೇ ಜಾಗ ಮತ್ತೆ ಹರಿಯತ್ತೆ, ಎರಡನೇ ಸಲ ಹರಿದಿದ್ದು ಮೊದಲಿನ ಹಾಗೆ ಕೂಡಲ್ಲ. ಹದಿನೈದು ದಿನಕ್ಕೆ ಓಡಿಸ್ಬಿಡ್ತೀನಿ ಅಂತ ಮಾತು ಕೊಡೋರನ್ನ ನಂಬಬೇಡಿ, ಅವರು ಎಷ್ಟೇ ದೊಡ್ಡ ಕುದುರೆಗಳಿಗೆ ಮಾಡಿದ್ರೂ ಅಷ್ಟೇ.

ಮನೇಲಿ ನಾವೇ ಮಾಡೋಕೆ ಏನಾದ್ರೂ ಕೊಡ್ತಾರಾ?

ಕೊಡಬೇಕು. ಕೊಡ್ಲಿಲ್ಲ ಅಂದ್ರೆ ಕೇಳಿ ಇಸ್ಕೊಳ್ಳಿ. ಎಲ್ಲರಿಗೂ ಗೊತ್ತಿರೋದು ಕ್ಯಾರೆಟ್ ಸ್ಟ್ರೆಚ್, ಕ್ಯಾರೆಟ್ ತೋರಿಸಿ ಕುದುರೆನೇ ತನ್ನ ಕತ್ತನ್ನ ಎದೆಗೆ, ಮುಂಗಾಲುಗಳ ಮಧ್ಯಕ್ಕೆ, ಪಕ್ಕೆಗೆ, ಹಿಂಗಾಲಿನ ಕಡೆಗೆ ತಗೊಂಡು ಹೋಗಿ ಕೆಲವು ಸೆಕೆಂಡ್ ಹಿಡಿಯೋ ಹಾಗೆ ಮಾಡೋದು. ತಮಾಷೆ ಥರ ಕಾಣತ್ತೆ, ಆದ್ರೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾರಕ್ಕೆ ಐದು ದಿನದಂತೆ ಮೂರು ತಿಂಗಳು ಇದನ್ನ ಮಾಡಿಸಿದಾಗ ಬೆನ್ನೆಲುಬಿಗೆ ಅಂಟಿಕೊಂಡಿರೋ ಮಲ್ಟಿಫಿಡಸ್ ಅನ್ನೋ ಸ್ನಾಯು ದಪ್ಪ ಆಗಿದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು, ಬೆನ್ನನ್ನ ಗಟ್ಟಿ ಹಿಡಿಯೋದೇ ಆ ಸ್ನಾಯು. ನೀವು ಎಳೀಬೇಡಿ, ಕುದುರೆ ತಾನಾಗಿ ಎಷ್ಟು ಬಗ್ಗತ್ತೋ ಅಷ್ಟೇ ಸಾಕು. ಮೈ ಬಿಸಿ ಆದ ಮೇಲೆ ಮಾಡಿ, ಕಾಲು ಜಾರದ ನೆಲದಲ್ಲಿ ಮಾಡಿ, ಬೆರಳು ಜೋಪಾನ.

ಫಿಸಿಯೋ ಇದನ್ನ ಬಾಯಲ್ಲಿ ಹೇಳಿ ಹೋದ್ರೆ ಸಾಲದು, ನಿಮ್ಮ ಕೈಲಿ ಅವರ ಮುಂದೆ ಒಂದು ಸಲ ಮಾಡಿಸಿ ನೋಡಬೇಕು. ಕುದುರೆ ನೋಡ್ಕೊಳ್ಳೋ ಹುಡುಗನೇ ಮಾಡೋದಾದ್ರೆ ಅವನನ್ನೇ ಕರೆದು ತೋರಿಸಿ ಅಂತ ಹೇಳಿ, ದಿನಾ ಕುದುರೆ ಮೈ ಮುಟ್ಟೋನು ಅವನು, ಬದಲಾವಣೆ ಮೊದಲು ಗೊತ್ತಾಗೋದೂ ಅವನಿಗೇ.

ಜೀನು, ಲಾಳ, ಹಲ್ಲು ಇದನ್ನೆಲ್ಲ ಫಿಸಿಯೋ ನೋಡ್ತಾರಾ?

ಸರಿ ಮಾಡೋದು ಅವರ ಕೆಲಸ ಅಲ್ಲ, ಆದ್ರೆ ಅನುಮಾನ ಪಡೋದು ಅವರ ಕೆಲಸ. ಜೀನು ತರಿಸಿ ಬೆನ್ನಿನ ಮೇಲಿಟ್ಟು ನೋಡದೇ ಬೆನ್ನಿಗೆ ಚಿಕಿತ್ಸೆ ಕೊಡೋದು ಅಂದ್ರೆ ತೂತಿರೋ ಬಿಂದಿಗೆಗೆ ನೀರು ತುಂಬಿದ ಹಾಗೆ. ಜೀನು ತೆಗೆದಾಗ ಬೆವರಿನ ಗುರುತಿನ ಮಧ್ಯೆ ಒಣ ಮಚ್ಚೆ ಇದೆಯಾ, ಹೆಗಲ ದಿಬ್ಬದ ಹತ್ರ ಬಿಳಿ ಕೂದಲು ಬಂದಿದೆಯಾ ಅಂತ ನೋಡ್ತಾರೆ. ಲಾಳ 6ರಿಂದ 8 ವಾರಕ್ಕೊಮ್ಮೆ ಬಿಚ್ಚಿ ಕಟ್ಟಿಸದೇ ಗೊರಸಿನ ಮುಂಭಾಗ ಉದ್ದ ಬಿಟ್ಟಿದ್ರೆ ಟೆಂಡನ್ ಮೇಲೆ ಎಳೆತ ಜಾಸ್ತಿ. ಹಲ್ಲು ಚೂಪಾಗಿ ಕೆನ್ನೆ ಕುಯ್ಯುತ್ತಿದ್ರೆ ಲಗಾಮು ಎಳೆದಾಗ ಕತ್ತು ಬಿಗಿ ಮಾಡತ್ತೆ, ಅದನ್ನ ಕತ್ತು ನೋವು ಅಂತ ಮಸಾಜ್ ಮಾಡಿಸ್ತಾ ಕೂತಿರ್ತೀವಿ. ಹಾಗಾಗಿ ಲಾಳ ಕಟ್ಟೋರ ಜೊತೆ, ವೆಟ್ ಜೊತೆ ನೇರವಾಗಿ ಮಾತಾಡೋಕೆ ಹಿಂಜರಿಯದ ಫಿಸಿಯೋ ಬೇಕು. ಬೇರೆ ಎಲ್ಲರನ್ನೂ ಬೈಕೊಂಡು ಓಡಾಡೋರು ಬೇಡ.

ಸೋಂಕಿನ ಬಗ್ಗೆ ಯೋಚನೆ ಮಾಡಬೇಕಾ?

ಮಾಡಲೇಬೇಕು. ಅವರು ದಿನಕ್ಕೆ ನಾಲ್ಕು ಲಾಯ ಸುತ್ತೋರು. ಸ್ಟ್ರ್ಯಾಂಗಲ್ಸ್ (ಗಂಟಲ ಗ್ರಂಥಿ ಊದಿಸೋ ಅಂಟುರೋಗ), ರಿಂಗ್‌ವರ್ಮ್ (ಹುಳುಕಡ್ಡಿ) ಎರಡೂ ಕೈ, ಬಟ್ಟೆ, ಸಾಮಾನಿನ ಮೂಲಕ ಬರತ್ತೆ. ಕೈ ತೊಳೀತಾರಾ, ಒಂದು ಕುದುರೆಗೆ ಹಾಕಿದ ಟವೆಲ್ ಇನ್ನೊಂದಕ್ಕೆ ಹಾಕ್ತಾರಾ ಅಂತ ನೋಡಿ.

ಫಿಸಿಯೋ ನಿದ್ದೆ ಬರೋ ಔಷಧಿ ಕೊಟ್ಟು ಮಾಡ್ತೀನಿ ಅಂದ್ರೆ?

ಬೇಡ. ಔಷಧಿ, ಇಂಜೆಕ್ಷನ್, ಮಂಪರು ಬರಿಸೋದು ಎಲ್ಲ ವೆಟ್ ಮಾತ್ರ. ಮಂಪರಲ್ಲಿರೋ ಕುದುರೆ ನೋವಾದ್ರೂ ಹೇಳಲ್ಲ, ಅದೇ ತೊಂದರೆ.

ವಯಸ್ಸಾದ ಕುದುರೆಗೆ ಮಾಡಿಸೋದ್ರಲ್ಲಿ ಅರ್ಥ ಇದೆಯಾ?

ಖಂಡಿತ ಇದೆ, ನನಗಂತೂ ಇದು ಮನಸ್ಸಿಗೆ ಹತ್ರದ ವಿಷಯ. ಸಂಧಿವಾತ ಹೋಗಲ್ಲ, ಆದ್ರೆ ಬೆಳಿಗ್ಗೆ ಎದ್ದಾಗ ಬಿಗಿ ಕಮ್ಮಿ ಮಾಡಬಹುದು, ಲಾಳ ಕಟ್ಟೋವಾಗ ಕಾಲೆತ್ತಿ ನಿಲ್ಲೋಕೆ ಆಗದೇ ಒದ್ದಾಡೋದನ್ನ ಕಮ್ಮಿ ಮಾಡಬಹುದು. ಮುದಿ ಕುದುರೆಗೆ ಎಳೆದು ಮಾಡೋ ಸ್ಟ್ರೆಚ್ ಬೇಡ, ಚಿಕ್ಕ ಚಿಕ್ಕ ಅವಧಿ, ಮಧ್ಯೆ ಕಾಲು ಇಳಿಸಿ ಸುಧಾರಿಸ್ಕೊಳ್ಳೋಕೆ ಬಿಡೋರು ಬೇಕು. ಯೌವನದ ಸ್ಪರ್ಧೆ ಕುದುರೆಗಳಿಗೆ ಮಾತ್ರ ಮಾಡ್ತೀನಿ ಅನ್ನೋರಿಗಿಂತ ಮುದಿ ಕುದುರೆ ಹತ್ರ ತಾಳ್ಮೆಯಿಂದ ನಿಲ್ಲೋರ ಮೇಲೆ ನನಗೆ ಹೆಚ್ಚು ನಂಬಿಕೆ.

ಗುಣ ಆಗ್ತಿದೆಯೋ ಇಲ್ವೋ ಅಂತ ಅಳೆಯೋದು ಹೇಗೆ? ಯಾವಾಗ ಬೇರೆಯವರನ್ನ ನೋಡಬೇಕು?

ಮೊದಲ ದಿನವೇ ವಿಡಿಯೋ ಮಾಡಿ. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ, ಅದೇ ನೆಲ, ಅದೇ ದೂರ, ಟ್ರಾಟ್‌ನಲ್ಲಿ. ಎರಡು ವಾರಕ್ಕೊಮ್ಮೆ ಅದೇ ಥರ. ನೋವಿರೋ ಮುಂಗಾಲು ನೆಲಕ್ಕೆ ಇಟ್ಟಾಗ ತಲೆ ಮೇಲಕ್ಕೆ ಹೋಗತ್ತೆ, ಸರಿ ಇರೋ ಕಾಲಿಟ್ಟಾಗ ಕೆಳಗೆ ಬರತ್ತೆ, ಫೋನ್‌ನಲ್ಲಿ ನಿಧಾನಗತಿಗೆ ಹಾಕಿ ನೋಡಿದ್ರೆ ಕಣ್ಣಿಗೆ ತಪ್ಪಿದ್ದು ಸಿಗತ್ತೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೀತಾ ಹೋಗಿ, ಇವತ್ತು ಎಡಕ್ಕೆ ಸಲೀಸಾಗಿ ತಿರುಗ್ತು, ಪಟ್ಟಿ ಕಟ್ಟುವಾಗ ಕಿವಿ ಹಿಂದೆ ಮಾಡ್ಲಿಲ್ಲ, ಹೀಗೆ ಎರಡು ಸಾಲು. ಆ ಪುಸ್ತಕ ತೋರಿಸಿದಾಗ ಆಸೆಯಿಂದ ಓದೋ ಫಿಸಿಯೋ ಆದ್ರೆ ಬಿಟ್ಟುಕೊಡಬೇಡಿ. ಮೂರು ಸಲ ಬಂದ ಮೇಲೂ ಪ್ಲಾನ್ ಏನು ಅಂತ ಹೇಳದೆ, ವೆಟ್ ಹತ್ರ ಮಾತಾಡಿ ಅಂದ್ರೆ ಮುಖ ಗಂಟು ಹಾಕಿದ್ರೆ, ಕುದುರೆ ಅವರ ಹೆಜ್ಜೆ ಸಪ್ಪಳ ಕೇಳಿ ಲಾಯದ ಮೂಲೆಗೆ ಹೋಗಿ ನಿಲ್ಲೋಕೆ ಶುರು ಮಾಡಿದ್ರೆ, ಅವತ್ತೇ ಬದಲಾಯಿಸಿ. ತಾರಾ ಹಾಗೆ ಮೂಲೆಗೆ ಹೋಗಿ ನಿಲ್ತಿತ್ತು, ನಾನು ಅದನ್ನ ಹಠ ಅಂದ್ಕೊಂಡಿದ್ದೆ. ಈಗಿನವರ ಗಾಡಿ ಸದ್ದು ಕೇಳಿದ್ರೆ ಬಾಗಿಲ ಮೇಲೆ ಕತ್ತು ಚಾಚಿ ಕಾಯ್ತಿರತ್ತೆ.